ಕಲ್ಲಿಗೆ ಮೊದಲು ಮಣ್ಣು

ಮನೆ ಕಟ್ಟಿಸುವವರು ಮೊದಲು ನಕ್ಷೆ ಬರೆಸುತ್ತಾರೆ. ಗೋಡೆ ಎದ್ದು, ಗೃಹಪ್ರವೇಶದ ಊಟ ಮುಗಿದ ಮೇಲೆ ಆ ನಕ್ಷೆ ಎಲ್ಲಿ ಹೋಯಿತೆಂದು ಕೇಳುವವರಿಲ್ಲ. ಲಗ್ನಪತ್ರಿಕೆಯ ಕರಡೂ ಹಾಗೆಯೇ. ಪತ್ರಿಕೆ ಅಚ್ಚಾಗಿ ಬಂದ ದಿನದಿಂದ ಅದರ ಬೆನ್ನಿನ ಮೇಲೆ ಹಾಲಿನವನ ಲೆಕ್ಕ ಏರುತ್ತದೆ. ಕರಡೆಂದರೆ ಕೆಲಸ ತೀರಿದ ಮೇಲೆ ಬೇಡವಾಗುವ ವಸ್ತು ಎಂಬುದು ನಮ್ಮೆಲ್ಲರ ಎಣಿಕೆ. ಈ ಹೊತ್ತು ನಾನು ನಿಮಗೆ ಹೇಳಲಿರುವುದು ಬೇಡವಾಗದೆ ಉಳಿದುಕೊಂಡ ಒಂದು ಕರಡಿನ ಸಂಗತಿ. ಅದು ಕಾಗದದ ಮೇಲೆ ಬರೆದುದಲ್ಲ. ಜೇಡಿಮಣ್ಣಿನಲ್ಲಿ ತಿದ್ದಿ, ಆವಿಗೆಯಲ್ಲಿ ಸುಟ್ಟದ್ದು. ಎತ್ತರ ಸುಮಾರು ಎರಡು ಅಡಿ. ಮೇಜಿನ ಮೇಲೆ ಇಟ್ಟು ನೋಡಬಹುದಾದಷ್ಟು ಚಿಕ್ಕದು.

ಇರುವ ಸ್ಥಳ ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದ ಸ್ಟೌರ್‌ಹೆಡ್ ಎಂಬ ಹಳ್ಳಿಗಾಡಿನ ಬಂಗಲೆ. ಲಂಡನ್ನಿನಿಂದ ಪಶ್ಚಿಮಕ್ಕೆ ನೂರು ಮೈಲಿಗೂ ಮಿಕ್ಕ ದಾರಿ. ಸ್ಟೌರ್ ನದಿ ಹುಟ್ಟುವ ಜಾಗವಾದ್ದರಿಂದ ಅದಕ್ಕೆ ಆ ಹೆಸರು. ಅಲ್ಲಿ ಇಬ್ಬರು ಹರ್ಕ್ಯುಲಿಸರು ಇದ್ದಾರೆ. ಒಬ್ಬನು ಕೆರೆಯ ದಡದ ಗುಡಿಯಲ್ಲಿ ನಿಂತ ಅಮೃತಶಿಲೆಯ ಆಳು. ಮನುಷ್ಯನ ಎತ್ತರವನ್ನು ಮೀರಿದವನು. ಇನ್ನೊಬ್ಬನು ಮನೆಯೊಳಗಿರುವ ಮಣ್ಣಿನ ಆಳು. ಇಬ್ಬರನ್ನೂ ಮಾಡಿದವನು ಒಬ್ಬನೇ ಶಿಲ್ಪಿ. ಮಣ್ಣಿನವನ ಮೈಮೇಲೆ 1744 ಎಂಬ ಇಸವಿಯೂ, ಕಲ್ಲಿನವನ ಮೈಮೇಲೆ 1756 ಎಂಬುದೂ ಇವೆ. ನಡುವಣ ಹನ್ನೆರಡು ವರ್ಷಗಳಲ್ಲಿ ನಡೆದುದೇ ನಮ್ಮ ಕಥೆ.

ಹರ್ಕ್ಯುಲಿಸನ ಪರಿಚಯ ನಿಮಗೆ ಇದ್ದೇ ಇರುವುದು. ಗ್ರೀಕರ ಪುರಾಣದ ಬಲಶಾಲಿ; ದೇವತೆಗಳ ಒಡೆಯನಿಗೂ ಮಾನವ ಸ್ತ್ರೀಗೂ ಹುಟ್ಟಿದವನು; ಹನ್ನೆರಡು ಅಸಾಧ್ಯ ಕೆಲಸಗಳನ್ನು ಮಾಡಿ ಮುಗಿಸಿದವನು. ಮೊದಲನೆಯ ಕೆಲಸದಲ್ಲಿ ಕೊಂದ ಸಿಂಹದ ತೊಗಲು, ಕೈಯಲ್ಲೊಂದು ಗದೆ, ಇವೆರಡು ಕಂಡರೆ ಸಾಕು, ಅವನೇ ಎಂದು ಗುರುತು ಸಿಕ್ಕುವುದು. ನಮ್ಮ ಭೀಮಸೇನನ ಗದೆಗೂ ಇವನ ಗದೆಗೂ ಮಾತ್ರ ಹೋಲಿಕೆಯಿಲ್ಲ. ಇವನದು ಮರದಿಂದ ಮುರಿದುಕೊಂಡಂತಿರುವ ಒರಟು ಗಂಟುಗಳ ದೊಣ್ಣೆ.

ಪ್ರತಿಮೆಯ ಕೆಲಸ ಹೇಗೆ ನಡೆಯುವುದೆಂಬುದನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ಅಮೃತಶಿಲೆಯ ಮೇಲೆ ಉಳಿಯಿಟ್ಟು ನೇರವಾಗಿ ಕೆತ್ತಿದವರಿಲ್ಲವೆಂದಲ್ಲ. ಆದರೆ ಹದಿನೆಂಟನೆಯ ಶತಮಾನದ ಯೂರೋಪಿನ ಶಿಲ್ಪಿ ಸಾಮಾನ್ಯವಾಗಿ ಅಂಥ ಸಾಹಸಕ್ಕೆ ಹೋಗುತ್ತಿರಲಿಲ್ಲ. ಕಲ್ಲು ದುಬಾರಿ, ಅದರಲ್ಲಿ ತಪ್ಪಿದರೆ ಮರಳಿ ಅಂಟಿಸಲು ಬರುವುದಿಲ್ಲ. ಆದುದರಿಂದ ಮೊದಲು ಕಾಗದದ ಮೇಲೆ ಚಿತ್ರ. ನಮ್ಮ ಶಿಲ್ಪಿ ಕಂದು ಮಸಿಯ ಗೆರೆಗಳನ್ನು ಎಳೆದು ಅದರ ಮೇಲೆ ತೆಳುವಾಗಿ ನೀರುಬಣ್ಣದ ನೆರಳು ಬಳಿಯುತ್ತಿದ್ದನು. ಆ ಬಗೆಯ ಅವನ ಚಿತ್ರಗಳು ಲಂಡನ್ನಿನ ವಸ್ತುಸಂಗ್ರಹಾಲಯಗಳಲ್ಲಿ ಈಗಲೂ ಇವೆ. ಆದರೆ ಚಿತ್ರ ತೋರಿಸುವುದು ಒಂದೇ ಮಗ್ಗುಲು. ಪ್ರತಿಮೆಯನ್ನು ಸುತ್ತು ಬಂದು ನೋಡುತ್ತಾರಲ್ಲ! ಮುಂದಿನಿಂದ ಸೊಗಸಾದ ತೋಳು ಹಿಂದಿನಿಂದ ಕುಂಬಳಕಾಯಿಯಂತೆ ಕಂಡರೆ ಗತಿಯೇನು? ಅದಕ್ಕೇ ಮಣ್ಣು. ಮಣ್ಣಿನಲ್ಲಿ ಹಾಕಬಹುದು, ತೆಗೆಯಬಹುದು, ಹೆಬ್ಬೆರಳಿನಿಂದ ಒತ್ತಬಹುದು, ಒದ್ದೆ ಬಟ್ಟೆ ಹೊದಿಸಿಟ್ಟು ಮಾರನೆಯ ದಿನ ಮತ್ತೆ ತಿದ್ದಬಹುದು. ಮನಸ್ಸಿಗೆ ಒಪ್ಪಿದ ಮೇಲೆ ಒಳಗಿನ ಮಣ್ಣನ್ನು ಕೊರೆದು ಟೊಳ್ಳು ಮಾಡಿ, ನೆರಳಿನಲ್ಲಿ ಒಣಗಿಸಿ, ಸುಡುತ್ತಾರೆ. ಕೊರೆಯದೆ ದಪ್ಪವಾಗಿಯೇ ಬಿಟ್ಟರೆ, ಇಲ್ಲವೆ ತೇವ ಪೂರ್ತಿ ಆರುವ ಮೊದಲೇ ಆವಿಗೆಗೆ ಹಾಕಿದರೆ, ಬೆಂಕಿಯಲ್ಲಿ ಸಿಡಿದು ಚೂರಾಗುವುದು. ಕುಂಬಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಆಮೇಲೆ ಕಲ್ಲು. ಮಾದರಿಯಲ್ಲಿ ಮೂಗಿನ ತುದಿಯಿಂದ ಎದೆಗೆ ಎಷ್ಟು, ಭುಜದಿಂದ ಮೊಣಕೈಗೆ ಎಷ್ಟು ಎಂದು ಕವೆಗಳಿಂದಲೂ ತೂಗುಗುಂಡಿನಿಂದಲೂ ಅಳೆದು, ಆ ಅಳತೆಯನ್ನು ಹೆಚ್ಚಿಸಿ ಬಂಡೆಯ ಮೇಲೆ ಗುರುತು ಹಾಕುತ್ತ ಒಳಕ್ಕೆ ಸಾಗಬೇಕು. ನಮ್ಮ ಹರ್ಕ್ಯುಲಿಸನ ವಿಷಯದಲ್ಲಿ ಮಣ್ಣಿನ ಒಂದು ಅಂಗುಲ ಕಲ್ಲಿನ ಮೂರು ಅಂಗುಲವಾಗಬೇಕಾಗಿತ್ತು. ಕರಡಿನಲ್ಲಿ ಕೂದಲೆಳೆಯಷ್ಟಿದ್ದ ತಪ್ಪು ಕಲ್ಲಿನಲ್ಲಿ ಮೂರರಷ್ಟಾಗಿ ಬೆಳೆದು ನಿಲ್ಲುವುದು.

ಸಾಮಾನ್ಯವಾಗಿ ಕರಡನ್ನು ಮಾಡಿಸುವವನು ಗಿರಾಕಿ. ಶ್ರೀಮಂತನೊಬ್ಬ ಹೇಳಿ ಕಳುಹಿಸುತ್ತಾನೆ. ಶಿಲ್ಪಿ ಚಿತ್ರವನ್ನೋ ಮಾದರಿಯನ್ನೋ ತೋರಿಸುತ್ತಾನೆ. ಆತ ಒಪ್ಪುತ್ತಾನೆ, ಒಪ್ಪಂದವಾಗುತ್ತದೆ. ಸ್ಟೌರ್‌ಹೆಡ್ಡಿನ ಕರಡಿನ ವೈಶಿಷ್ಟ್ಯವಿರುವುದು ಇಲ್ಲಿಯೇ. 1744ರಲ್ಲಿ ಅದನ್ನು ಯಾರೂ ಮಾಡೆಂದು ಹೇಳಿರಲಿಲ್ಲ. ಕೆಲಸ ಕಡಮೆಯಾದ ಶಿಲ್ಪಿ ತನ್ನ ಕೈ ಇನ್ನೂ ಸೋತಿಲ್ಲವೆಂದು ತೋರಿಸುವುದಕ್ಕೆ ಮಾಡಿದ ಕರಡು ಅದು.

ಆ ಶಿಲ್ಪಿಯ ಹೆಸರು ಮೈಕೇಲ್ ರಿಸ್‌ಬ್ರ್ಯಾಕ್. ಹುಟ್ಟೂರು ಇಂದಿನ ಬೆಲ್ಜಿಯಮ್ಮಿನ ಆಂಟ್‌ವರ್ಪ್, ಹುಟ್ಟಿದ್ದು 1694ರಲ್ಲಿ. ತಂದೆ ನಿಸರ್ಗದೃಶ್ಯಗಳ ಚಿತ್ರಕಾರ. ಮಗ 1720ರಲ್ಲಿ ಲಂಡನ್ನಿಗೆ ಬಂದನು. ಆಗಿನ ಇಂಗ್ಲೆಂಡಿನಲ್ಲಿ ಹಣವಿತ್ತು, ಹೊಸ ಬಂಗಲೆಗಳು ಏಳುತ್ತಿದ್ದವು, ಆದರೆ ಒಳ್ಳೆಯ ಶಿಲ್ಪಿಗಳು ಕಡಮೆ. ಹತ್ತು ಹದಿನೈದು ವರ್ಷಗಳಲ್ಲಿ ರಿಸ್‌ಬ್ರ್ಯಾಕ್ ಆ ನಾಡಿನ ಮೊದಲ ಪಂಕ್ತಿಯವನಾದನು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿರುವ ನ್ಯೂಟನ್ನನ ಸ್ಮಾರಕವನ್ನು ನೀವು ಚಿತ್ರದಲ್ಲಿ ನೋಡಿರಬಹುದು. 1731ರಲ್ಲಿ ಮುಗಿದ ಆ ಕೆಲಸ ಇವನ ಕೈಯದು, ವಿನ್ಯಾಸ ವಿಲಿಯಂ ಕೆಂಟನದು. ಬ್ಲೆನಿಮ್ ಅರಮನೆಯಲ್ಲಿ ಮಾರ್ಲ್‌ಬರೋ ಡ್ಯೂಕನ ಗೋರಿ, ಬ್ರಿಸ್ಟಲ್ ನಗರದಲ್ಲಿ ಮೂರನೆಯ ವಿಲಿಯಮ್ಮನ ಕುದುರೆ ಸವಾರಿಯ ವಿಗ್ರಹ, ಇವೂ ಅವನವೇ.

ನಮಗೆ ನೇರವಾಗಿ ಸಂಬಂಧಿಸಿದ ಒಂದು ಕೆಲಸವೂ ಇದೆ. ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿ ತನ್ನ ಕಚೇರಿಯನ್ನು ಕಟ್ಟಿಸಿದಾಗ, ನಿರ್ದೇಶಕರು ಸಭೆ ಸೇರುವ ಕೊಠಡಿಯ ಅಗ್ಗಿಷ್ಟಿಕೆಯ ಮೇಲೆ ಅಮೃತಶಿಲೆಯ ಉಬ್ಬುಶಿಲ್ಪವೊಂದನ್ನು ಮಾಡಿಕೊಟ್ಟವನು ರಿಸ್‌ಬ್ರ್ಯಾಕ್. ಬ್ರಿಟಾನಿಯಾ ಕುಳಿತಿದ್ದಾಳೆ, ಪೂರ್ವದೇಶಗಳು ಹೆಣ್ಣುರೂಪದಲ್ಲಿ ಬಂದು ತಮ್ಮ ಸಂಪತ್ತನ್ನು ಅವಳಿಗೆ ಒಪ್ಪಿಸುತ್ತಿವೆ. ಕಾಲ 1730ರ ಸುಮಾರು. ಪ್ಲಾಸಿಯ ಯುದ್ಧಕ್ಕೆ ಇನ್ನೂ ಇಪ್ಪತ್ತೇಳು ವರ್ಷವಿತ್ತೆಂಬುದನ್ನು ನೆನಪಿಟ್ಟುಕೊಳ್ಳಿ. ನಡೆಯುವ ಮೊದಲೇ ಕೆತ್ತಿಸಿಟ್ಟ ಆಸೆ ಎನ್ನೋಣವೆ? ಆ ಕಲ್ಲು ಈಗ ಲಂಡನ್ನಿನ ವಿದೇಶಾಂಗ ಕಚೇರಿಯ ಕಟ್ಟಡದಲ್ಲಿದೆ. ಕಲ್ಲಿನ ಕೆಲಸ ನಯವಾಗಿದೆ. ಅದರ ಅರ್ಥ ನಮಗೆ ರುಚಿಸುವಂಥದಲ್ಲ. ಇರಲಿ, ಮುಂದಕ್ಕೆ ಹೋಗೋಣ.

ಹೀಗೆ ಹತ್ತಾರು ವರ್ಷ ಕೈತುಂಬ ಕೆಲಸವಿದ್ದವನಿಗೆ 1740ರ ಹೊತ್ತಿಗೆ ಗಾಳಿ ತಿರುಗಿತು. ಅವನದೇ ಊರಿನವನಾದ ಪೀಟರ್ ಸ್ಕೀಮೇಕರ್ಸ್ ಎಂಬ ಶಿಲ್ಪಿಯೂ ಲಂಡನ್ನಿನಲ್ಲಿದ್ದನು. 1741ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಷೇಕ್ಸ್‌ಪಿಯರನ ವಿಗ್ರಹ ನಿಂತಿತು, ಕೆತ್ತಿದವನು ಸ್ಕೀಮೇಕರ್ಸ್. ಊರೆಲ್ಲ ಅದೇ ಮಾತಾಯಿತು. ಇನ್ನೊಂದು ಕಡೆ ರೂಬಿಲಿಯಾಕ್ ಎಂಬ ಫ್ರೆಂಚ್ ಶಿಲ್ಪಿ 1738ರಲ್ಲಿ ವಾಕ್ಸ್‌ಹಾಲ್ ಉದ್ಯಾನದಲ್ಲಿ ಸಂಗೀತಗಾರ ಹ್ಯಾಂಡೆಲನ ವಿಗ್ರಹ ನಿಲ್ಲಿಸಿ ಹೆಸರು ಮಾಡಿದ್ದನು. ಗಿರಾಕಿಗಳು ಆ ಕಡೆಗೆ ಸರಿದರು. ರಿಸ್‌ಬ್ರ್ಯಾಕನ ಕೈಚಳಕ ತಗ್ಗಿರಲಿಲ್ಲ. ಜನರ ಕಣ್ಣು ಹೊಸತಿನ ಕಡೆಗೆ ಹೊರಳಿತ್ತು, ಅಷ್ಟೆ. ಇಂಥ ಸ್ಥಿತಿ ಕಲಾವಿದರಿಗೆ ಮಾತ್ರವಲ್ಲ, ಪೇಟೆಯಲ್ಲಿ ಅಂಗಡಿ ಇಟ್ಟ ಯಾರಿಗಾದರೂ ಗೊತ್ತು. ಎದುರು ಸಾಲಿನಲ್ಲಿ ಹೊಸ ಅಂಗಡಿ ತೆರೆದ ಮಾರನೆಯ ದಿನ ಹಳೆಯ ಗಿರಾಕಿ ನಮಸ್ಕಾರ ಮಾತ್ರ ಹೇಳಿ ಮುಂದಕ್ಕೆ ಹೋಗುತ್ತಾನೆ.

ಈ ವಿವರಗಳು ನಮಗೆ ದೊರೆತದ್ದು ಜಾರ್ಜ್ ವರ್ಚ್ಯೂ ಎಂಬ ಕೆತ್ತನೆಗಾರನ ದಿನಚರಿಯಂಥ ಟಿಪ್ಪಣಿಗಳಿಂದ. ಲಂಡನ್ನಿನ ಕಲಾವಿದರ ಸುದ್ದಿಯನ್ನೆಲ್ಲ ಅವನು ಕಂಡಂತೆ ಬರೆದಿಡುತ್ತಿದ್ದನು. ಅವನು ಸತ್ತ ಮೇಲೆ ಆ ಪುಸ್ತಕಗಳನ್ನು ಹೊರೇಸ್ ವಾಲ್‌ಪೋಲ್ ಕೊಂಡು, ಅವುಗಳ ಆಧಾರದ ಮೇಲೆ ಇಂಗ್ಲೆಂಡಿನ ಚಿತ್ರಕಲೆಯ ವೃತ್ತಾಂತವನ್ನು 1762ರಿಂದ ಸಂಪುಟಗಳಾಗಿ ಪ್ರಕಟಿಸಿದನು. ಬಿಡುವು ಸಿಕ್ಕಿದ ರಿಸ್‌ಬ್ರ್ಯಾಕ್ ಸುಮ್ಮನೆ ಕೂರಲಿಲ್ಲ. ರೂಬೆನ್ಸ್, ವ್ಯಾನ್ ಡೈಕ್ ಮತ್ತು ಶಿಲ್ಪಿ ಡ್ಯೂಕೆನ್ವಾ, ಈ ಮೂವರ ಪುಟ್ಟ ಪ್ರತಿಮೆಗಳನ್ನು ಮೊದಲು ಮಾಡಿದನು. ಮೂವರೂ ಅವನ ನಾಡಿನ ಕಡೆಯ ಹಿರಿಯರೇ. ಆಮೇಲೆ ಹರ್ಕ್ಯುಲಿಸನನ್ನು ಕೈಗೆತ್ತಿಕೊಂಡನು.

ಐವತ್ತು ವಯಸ್ಸಿನ ಶಿಲ್ಪಿ ಆರಿಸಿಕೊಂಡ ವಸ್ತುವನ್ನು ಗಮನಿಸಿ. ಬಟ್ಟೆಯ ನಿರಿಗೆ, ತಲೆಯ ಟೋಪನ್ನು, ಕೈಯಲ್ಲಿ ಪುಸ್ತಕ ಇವುಗಳ ಹಿಂದೆ ಮೈಯ ದೋಷಗಳನ್ನು ಮುಚ್ಚಬಹುದು. ಬೆತ್ತಲೆ ನಿಂತ ಬಲಶಾಲಿಯಲ್ಲಿ ಮುಚ್ಚುವುದಕ್ಕೆ ಏನೂ ಇಲ್ಲ. ಎಲುಬು ಎಲ್ಲಿ, ಸ್ನಾಯು ಎಲ್ಲಿ, ಭಾರ ಯಾವ ಕಾಲಿನ ಮೇಲೆ ಎಂಬುದೆಲ್ಲ ಬಯಲು. ಇದು ಶಿಲ್ಪಿಗಳ ಪಾಲಿಗೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಇದ್ದಂತೆ.

ಮಾದರಿಗೆ ಹಿಂದಿನ ಮಾದರಿಯೊಂದು ಇತ್ತು. ರೋಮಿನಲ್ಲಿ ಕ್ಯಾರಕಲ್ಲ ಚಕ್ರವರ್ತಿಯ ಸ್ನಾನಗೃಹದ ಹಾಳುಗಳಲ್ಲಿ 1546ರಲ್ಲಿ ಸಿಕ್ಕಿದ ಭಾರಿ ಹರ್ಕ್ಯುಲಿಸ್ ಅದು. ಫಾರ್ನೆಸೆ ಮನೆತನದ ವಶದಲ್ಲಿದ್ದುದರಿಂದ ಫಾರ್ನೆಸೆ ಹರ್ಕ್ಯುಲಿಸ್ ಎಂದೇ ಪ್ರಸಿದ್ಧಿ. ಹತ್ತು ಅಡಿ ಎತ್ತರ. ಕೆಲಸಗಳನ್ನೆಲ್ಲ ಮುಗಿಸಿ ಬಳಲಿ ಗದೆಯ ಮೇಲೆ ಒರಗಿದ್ದಾನೆ. ಅದು ಸಿಕ್ಕಾಗ ಕಾಲುಗಳಿರಲಿಲ್ಲ. ಡೆಲ್ಲ ಪೋರ್ತ ಎಂಬ ಶಿಲ್ಪಿ ಹೊಸ ಕಾಲುಗಳನ್ನು ಮಾಡಿ ಜೋಡಿಸಿದನು. ಮುಂದೆ ಹಳೆಯ ಕಾಲುಗಳೇ ಸಿಕ್ಕಿದರೂ ಹೊಸವೇ ಚೆನ್ನಾಗಿವೆ ಎಂದು ಅವನ್ನೇ ಬಿಟ್ಟರಂತೆ. 1787ರಲ್ಲಿ ಪ್ರತಿಮೆ ನೇಪಲ್ಸಿಗೆ ಹೋಗುವ ಹೊತ್ತಿಗೆ ಸ್ವಂತ ಕಾಲುಗಳು ಅವನಿಗೆ ಮರಳಿ ದೊರೆತವು. ಎರವಲು ಕಾಲಿನ ಮೇಲೆ ಇನ್ನೂರು ವರ್ಷಕ್ಕೂ ಮಿಕ್ಕು ನಿಂತವನು ಆ ವೀರ!

ರಿಸ್‌ಬ್ರ್ಯಾಕ್ ಇಟಲಿಗೆ ಹೋದವನಲ್ಲ. ಅಚ್ಚಿನ ಚಿತ್ರಗಳಿಂದ, ಎರಕದ ಪ್ರತಿಗಳಿಂದ ಆ ಪ್ರತಿಮೆಯನ್ನು ಬಲ್ಲವನು. ತಲೆಯ ಮಟ್ಟಿಗೆ ಅದನ್ನೇ ಹಿಡಿದನು. ಮೈಗೆ ಮಾತ್ರ ಬೇರೆ ದಾರಿ ಹಿಡಿದನು. ವಾಲ್‌ಪೋಲ್ ಹೇಳುವ ಪ್ರಕಾರ, ಲಂಡನ್ನಿನಲ್ಲಿ ಮೈಕಟ್ಟಿಗೆ ಹೆಸರಾದ ಏಳೆಂಟು ಜನರನ್ನು ನೋಡಿ, ಒಬ್ಬೊಬ್ಬನಿಂದ ಒಂದೊಂದು ಅಂಗವನ್ನು ತೆಗೆದುಕೊಂಡನು. ಹೆಚ್ಚಿನವರು ಮುಷ್ಟಿಯುದ್ಧದವರು. ತೋಳುಗಳು ಬ್ರಾಟನ್ ಎಂಬವನವು. ಎದೆ ಮುಷ್ಟಿಯಲ್ಲೂ ಹೆಸರಾಗಿದ್ದ ಒಬ್ಬ ಸಾರೋಟು ಚಾಲಕನದು. ಕಾಲುಗಳು ಎಲಿಸ್ ಎಂಬ ಭಾವಚಿತ್ರಕಾರನವು. ಚಿತ್ರ ಬರೆಯುವುದರ ಜೊತೆಗೆ ಗರಡಿಗೂ ಹೋಗುತ್ತಿದ್ದ ಮನುಷ್ಯ.

ನಮಗೆ ಇದು ತೀರ ಅಪರಿಚಿತವಾದ ಕಲ್ಪನೆಯಲ್ಲ. ಜಗತ್ತಿನ ಚೆಲುವನ್ನೆಲ್ಲ ಎಳ್ಳೆಳ್ಳಷ್ಟೇ ಆಯ್ದು ವಿಶ್ವಕರ್ಮನು ತಿಲೋತ್ತಮೆಯನ್ನು ನಿರ್ಮಿಸಿದನೆಂದು ಮಹಾಭಾರತ ಹೇಳುತ್ತದೆ. ಗ್ರೀಕರಲ್ಲಿಯೂ ಝ್ಯೂಕ್ಸಿಸ್ ಎಂಬ ಚಿತ್ರಕಾರ ಐವರು ಕನ್ಯೆಯರನ್ನು ನೋಡಿ ಹೆಲೆನಳನ್ನು ಬರೆದನೆಂಬ ಕಥೆಯಿದೆ. ಆದರೆ ತಿಲೋತ್ತಮೆಗೆ ಬಳಸಿದ್ದು ಲೋಕದ ಸಾರ. ರಿಸ್‌ಬ್ರ್ಯಾಕ್ ಬಳಸಿದ್ದು ಬೀದಿಯ ಆಳುಗಳ ಮೈ. ಬ್ರಾಟನ್ ಥೇಮ್ಸ್ ನದಿಯಲ್ಲಿ ದೋಣಿ ನಡೆಸುತ್ತಿದ್ದ ಅಂಬಿಗ. 1730ರಲ್ಲಿ ಅಂಬಿಗರ ದೋಣಿಪಂದ್ಯ ಗೆದ್ದವನು. ಹುಟ್ಟುಹಾಕಿ ಹುರಿಗೊಂಡ ತೋಳೇ ಮುಷ್ಟಿಯುದ್ಧದಲ್ಲಿ ಅವನನ್ನು ಇಂಗ್ಲೆಂಡಿನ ಮೊದಲಿಗನನ್ನಾಗಿ ಮಾಡಿತು. 1741ರಲ್ಲಿ ಅವನ ಹೊಡೆತದಿಂದ ಎದುರಾಳಿಯೊಬ್ಬ ಸತ್ತನು. ಬ್ರಾಟನ್ ಅದರಿಂದ ತುಂಬ ನೊಂದನೆಂದು ಹೇಳುತ್ತಾರೆ. 1743ರಲ್ಲಿ ಆಕ್ಸ್‌ಫರ್ಡ್ ರಸ್ತೆಯ ಬಳಿ ತನ್ನದೇ ಅಖಾಡ ತೆರೆದು, ಬಿದ್ದವನನ್ನು ಹೊಡೆಯಕೂಡದು, ಸೊಂಟದ ಕೆಳಗೆ ಹಿಡಿಯಕೂಡದು ಎಂಬ ನಿಯಮಗಳನ್ನು ಬರೆಯಿಸಿದನು. ಆ ಆಟಕ್ಕೆ ಲಿಖಿತ ನಿಯಮ ಬಂದುದು ಅದೇ ಮೊದಲು. ರಿಸ್‌ಬ್ರ್ಯಾಕನ ಕೆಲಸದ ಮನೆಯಿದ್ದ ವಿಯರ್ ಬೀದಿಯೂ ಅದೇ ಆಕ್ಸ್‌ಫರ್ಡ್ ರಸ್ತೆಯ ಮಗ್ಗುಲಿನದು. ದೇವರ ತೋಳು ಹುಡುಕಲು ಶಿಲ್ಪಿ ಬಹಳ ದೂರ ನಡೆಯಬೇಕಾಗಿರಲಿಲ್ಲ.

ಸಾರೋಟು ಚಾಲಕನ ಹೆಸರನ್ನು ವಾಲ್‌ಪೋಲ್ ಹೇಳುವುದಿಲ್ಲ. ಬ್ರಾಟನ್ನನ ಹೆಸರು ಬಂದಿದೆ, ಚಿತ್ರಕಾರನ ಹೆಸರು ಬಂದಿದೆ; ಎದೆ ಕೊಟ್ಟವನದು ವೃತ್ತಿ ಮಾತ್ರ ಬಂದಿದೆ. ಇತರರದು ಅದೂ ಇಲ್ಲ. ಇಡೀ ವೃತ್ತಾಂತದಲ್ಲಿ ನನಗೆ ಕಿರಿಕಿರಿ ಉಂಟುಮಾಡುವ ಜಾಗ ಇದೊಂದೇ.

ಹೀಗೆ ತುಂಡು ತುಂಡಾಗಿ ತಂದ ಮೈ ಒಂದೇ ಮೈಯಾಗಿ ನಿಂತೀತೆ? ಕರಡಿನ ಅಗತ್ಯ ಏನೆಂಬುದು ಇಲ್ಲಿ ಗೊತ್ತಾಗುವುದು. ಅಂಬಿಗನ ತೋಳು ಸಾರೋಟಿನವನ ಹೆಗಲಿಗೆ ಹೊಂದಬೇಕು. ಆ ಎದೆಯ ಭಾರವನ್ನು ಚಿತ್ರಕಾರನ ಕಾಲು ಹೊರಬೇಕು. ಎಲ್ಲಕ್ಕೂ ಮೇಲೆ ಎಂದೋ ಸತ್ತ ಗ್ರೀಕ್ ಶಿಲ್ಪಿಯ ತಲೆ ಕೂರಬೇಕು. ಕಾಗದದ ಮೇಲೆ ಗೆರೆಯೊಂದರಿಂದ ಇದನ್ನೆಲ್ಲ ಸೇರಿಸಿಬಿಡಬಹುದು; ಕಣ್ಣು ಮೋಸಹೋಗುವುದು. ಮಣ್ಣಿನಲ್ಲಿ ಆ ಮೋಸ ನಡೆಯದು. ಭುಜದ ಹಿಂದೆ ಕೀಲು ಎಲ್ಲಿ ಕೂರುವುದು, ಬೆನ್ನಿನ ಸ್ನಾಯು ಎಲ್ಲಿಗೆ ಇಳಿಯುವುದು ಎಂಬುದನ್ನು ಬೆರಳೇ ಕಂಡುಹಿಡಿಯಬೇಕು. ಗದೆಯನ್ನು ಊರಿಕೊಂಡು, ಸಿಂಹದ ತೊಗಲನ್ನು ಜೊತೆಗಿಟ್ಟುಕೊಂಡು ನಿಂತ ಆ ಎರಡಡಿಯ ಆಳಿನಲ್ಲಿ ಬೆಸುಗೆಯ ಗುರುತು ಕಾಣುವುದಿಲ್ಲ. ಏಳೆಂಟು ಜನ ಒಬ್ಬನಾಗಿದ್ದಾರೆ. ವಾಲ್‌ಪೋಲ್ ಹೊಗಳಿಕೆಯಲ್ಲಿ ಬಲು ಬಿಗಿ ಕೈಯವನು. ಅವನೂ ಶಿಲ್ಪಿಯ ಜ್ಞಾನ, ವಿವೇಕಗಳೆರಡೂ ಇದರಲ್ಲಿ ಅಡಕವಾಗಿವೆಯೆಂಬ ಭಾವದ ಮಾತುಗಳನ್ನಾಡಿದ್ದಾನೆ.

ಮಣ್ಣಿನ ಹರ್ಕ್ಯುಲಿಸನನ್ನು ಜನ ನೋಡಿದರು, ಮೆಚ್ಚಿದರು. ಮೆಚ್ಚುಗೆಯಿಂದ ಅಮೃತಶಿಲೆ ಬರುವುದಿಲ್ಲ. ಮೂರು ವರ್ಷ ಅದು ಹಾಗೆಯೇ ಇತ್ತು. 1747ರಲ್ಲಿ ಹೆನ್ರಿ ಹೋರ್ ಎಂಬ ಬ್ಯಾಂಕಿನ ಒಡೆಯ ಅದನ್ನು ಕಲ್ಲಿನಲ್ಲಿ ಮಾಡಿಕೊಡಲು ಹೇಳಿದನು.

ಹೋರ್ ಮನೆತನದ ಬ್ಯಾಂಕು 1672ರಲ್ಲಿ ಲಂಡನ್ನಿನಲ್ಲಿ ಆರಂಭವಾದದ್ದು; ಫ್ಲೀಟ್ ಬೀದಿಯಲ್ಲಿ ಇಂದಿಗೂ ನಡೆಯುತ್ತಿದೆ. ಈ ಹೆನ್ರಿ ಸ್ಥಾಪಕನ ಮೊಮ್ಮಗ. ಇವನ ತಂದೆ ಸ್ಟೌರ್‌ಹೆಡ್ಡಿನ ಜಮೀನನ್ನು 1717ರಲ್ಲಿ ಕೊಂಡು, ಇಟಲಿಯ ಮಾದರಿಯ ಹೊಸ ಬಂಗಲೆ ಕಟ್ಟಿಸಿದನು. ಆ ಕಾಲದ ಇಂಗ್ಲಿಷ್ ಶ್ರೀಮಂತರಿಗೆ ಇಟಲಿಯೆಂದರೆ ಕಾಶಿಯಾತ್ರೆ ಇದ್ದ ಹಾಗೆ. ಹೋಗಿಬಂದವರು ಹಳೆಯ ರೋಮಿನ ಪ್ರತಿಮೆಗಳನ್ನು ಹೊತ್ತು ತರುತ್ತಿದ್ದರು. ಸಿಕ್ಕದಿದ್ದರೆ ಅಂಥವನ್ನು ಹೊಸದಾಗಿ ಮಾಡಿಸುತ್ತಿದ್ದರು. ಹೆನ್ರಿಯೂ 1740ರ ಸುಮಾರಿಗೆ ಇಟಲಿಯಲ್ಲಿದ್ದು ಬಂದವನು. ಮೂಲ ಪ್ರತಿಮೆಗಳ ನಡುವೆ ಅಡ್ಡಾಡಿ ಬಂದವನು ಗಿರಾಕಿ. ಆ ನಾಡನ್ನು ಕಾಣದವನು ಶಿಲ್ಪಿ. ಆದರೂ ಮಾದರಿ ಆ ಗಿರಾಕಿಯ ಕಣ್ಣಿಗೆ ಒಪ್ಪಿತು.

ಹೆನ್ರಿಯ ಬಾಳು ಹಣದಷ್ಟು ಸಲೀಸಾಗಿರಲಿಲ್ಲ. 1743ರಲ್ಲಿ ಹೆಂಡತಿ ತೀರಿಕೊಂಡಳು. ಆಮೇಲೆ ಅವನು ಮನೆಯ ಕೆಳಗಿನ ಕಣಿವೆಯನ್ನು ತೋಟವಾಗಿ ಮಾಡಲು ತೊಡಗಿದನು. ಹೊಳೆಗೆ ಅಡ್ಡಲಾಗಿ ಏರಿ ಹಾಕಿ ಕೆರೆ ಕಟ್ಟಿಸಿದನು. ದಡದುದ್ದಕ್ಕೂ ಮರ ನೆಡಿಸಿದನು. ಅಲ್ಲಲ್ಲಿ ಗ್ರೀಕ್ ರೋಮನ್ ಮಾದರಿಯ ಗುಡಿಗಳನ್ನೂ ಒಂದು ಗುಹೆಯನ್ನೂ ಮಾಡಿಸಿದನು. ಗುಡಿಯೆಂದರೆ ಪೂಜೆಯ ಗುಡಿಯಲ್ಲ. ನೋಡುವುದಕ್ಕೆ, ನಡೆದು ದಣಿದಾಗ ಕೂರುವುದಕ್ಕೆ. 1752ರಲ್ಲಿ ಅವನ ಮಗ ಇಟಲಿಯ ಪ್ರವಾಸದಲ್ಲಿ ನೇಪಲ್ಸಿನಲ್ಲಿ ಸಿಡುಬು ತಗುಲಿ ಸತ್ತನು. ತಂದೆ ತೋಟದ ಕೆಲಸ ನಿಲ್ಲಿಸಲಿಲ್ಲ. ಮರುವರ್ಷವೇ ಫ್ಲಿಟ್‌ಕ್ರಾಫ್ಟ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ ಕೆರೆಯಾಚೆ ದೊಡ್ಡ ಗುಮ್ಮಟದ ಗುಡಿ ಏಳತೊಡಗಿತು. ರೋಮಿನ ಪ್ಯಾಂಥಿಯನ್ನನ್ನು ಹೋಲುವುದರಿಂದ ಇಂದು ಅದನ್ನು ಪ್ಯಾಂಥಿಯನ್ ಎನ್ನುತ್ತಾರೆ. ಮೊದಲಿನ ಹೆಸರು ಹರ್ಕ್ಯುಲಿಸನ ಗುಡಿ. ಎರಡಡಿಯ ಮಣ್ಣಿನ ಕರಡು ಮೊದಲು. ಅದಕ್ಕೆ ಅಮೃತಶಿಲೆಯ ಪ್ರತಿಮೆ. ಆ ಪ್ರತಿಮೆಗೆ ತಕ್ಕ ಗುಡಿ. ಕೆಲಸವಿಲ್ಲದ ದಿನಗಳಲ್ಲಿ ಮಣ್ಣು ಕಲಸಿದ ಮನುಷ್ಯ ಇದನ್ನು ಕನಸಿನಲ್ಲಿಯೂ ಎಣಿಸಿರಲಾರನು.

ಒಪ್ಪಂದದಿಂದ ಮುಕ್ತಾಯಕ್ಕೆ ಒಂಬತ್ತು ವರ್ಷ ಹಿಡಿಯಿತು. ಈ ನಡುವೆ ತೋಳು ಕೊಟ್ಟವನ ಕಥೆ ಏನಾಯಿತು ಗೊತ್ತೆ? 1750ರ ಏಪ್ರಿಲ್‌ನಲ್ಲಿ ಬ್ರಾಟನ್ ತನ್ನದೇ ಅಖಾಡದಲ್ಲಿ ಸ್ಲ್ಯಾಕ್ ಎಂಬ ಕಟುಕನ ಎದುರು ನಿಂತನು. ಕಣ್ಣುಗಳ ನಡುವೆ ಬಿದ್ದ ಹೊಡೆತದಿಂದ ಮುಖ ಊದಿ ಕಣ್ಣು ಮುಚ್ಚಿಹೋಗಿ, ಹದಿನಾಲ್ಕು ನಿಮಿಷಗಳಲ್ಲಿ ಸೋತನು. ಅವನ ಮೇಲೆ ಭಾರಿ ಪಂದ್ಯ ಕಟ್ಟಿದ್ದ ರಾಜಕುಮಾರ ಕಂಬರ್‌ಲೆಂಡ್ ಡ್ಯೂಕನಿಗೆ ಹಣವೂ ಹೋಯಿತು, ಬ್ರಾಟನ್ನನ ಮೇಲಿನ ಪ್ರೀತಿಯೂ ಹೋಯಿತು. ಅಖಾಡ ಮುಚ್ಚಿತು. ವಿಯರ್ ಬೀದಿಯಲ್ಲಿ ಮಾತ್ರ 1744ರ ತೋಳುಗಳು ಅಂಗುಲ ಅಂಗುಲವಾಗಿ ಕಲ್ಲಿನಲ್ಲಿ ಏಳುತ್ತಿದ್ದವು. ಸೋಲು ಮುಟ್ಟದ ತೋಳುಗಳು. ಕಲ್ಲಿನ ಕೆಲಸಗಾರ ಈಗ ಬ್ರಾಟನ್ನನನ್ನು ಕರೆಸಿ ನೋಡುವಂತಿರಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಆ ಮನುಷ್ಯ ಹೇಗಿದ್ದನೆಂಬುದಕ್ಕೆ ಮಣ್ಣಿನ ಕರಡೇ ಸಾಕ್ಷಿ.

ಬ್ರಾಟನ್ ಬಹಳ ಕಾಲ ಬದುಕಿದನು. ಸತ್ತದ್ದು 1789ರಲ್ಲಿ, ಮಣ್ಣು ಮಾಡಿದ್ದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ. ಅದೇ ಅಬೆಯಲ್ಲಿಯೇ ರಿಸ್‌ಬ್ರ್ಯಾಕ್ ಕೆತ್ತಿದ ನ್ಯೂಟನ್ನನೂ ಇದ್ದಾನೆ, ಅವನ ಗಿರಾಕಿಗಳನ್ನು ಸೆಳೆದುಕೊಂಡ ಷೇಕ್ಸ್‌ಪಿಯರನೂ ಇದ್ದಾನೆ.

1757ರಲ್ಲಿ ಕಲ್ಲಿನ ಹರ್ಕ್ಯುಲಿಸ್ ಗುಡಿ ಸೇರಿದನು. ಮುಂದೆ ಅದೇ ಗುಡಿಗೆ ರಿಸ್‌ಬ್ರ್ಯಾಕ್ ಪುಷ್ಪದೇವತೆ ಫ್ಲೋರಾಳನ್ನೂ ಮಾಡಿಕೊಟ್ಟನು. ಆಕೆಯ ಮಣ್ಣಿನ ಮಾದರಿ, 1759ರದು, ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸುತ್ತಲಿನ ಗೂಡುಗಳಲ್ಲಿ ನಿಜವಾದ ಹಳೆಯ ರೋಮನ್ ಪ್ರತಿಮೆಯೂ ಒಂದಿದೆ, ಎರಕ ಹೊಯ್ದ ಪ್ರತಿಗಳೂ ಇವೆ. ಹಳತು, ಹೊಸತು, ಪ್ರತಿ ಎಲ್ಲವೂ ಪಕ್ಕಪಕ್ಕದಲ್ಲಿ ನಿಂತಿವೆ. ಆ ಕಾಲದವರಿಗೆ ಅದರಲ್ಲಿ ಸಂಕೋಚವೇನೂ ಇರಲಿಲ್ಲ.

ಕರಡು ಮೇಲೋ ಕಲ್ಲು ಮೇಲೋ ಎಂದು ನೀವು ಕೇಳಬಹುದು. ಗುಡಿಯ ಬೆಳಕಿನಲ್ಲಿ ಕಲ್ಲಿನವನದು ಗಂಭೀರವಾದ ನಿಲುವು. ದೂರದಿಂದ ನೋಡಬೇಕಾದವನು, ದೇವರ ಕೆಲಸವನ್ನು ಚೆನ್ನಾಗಿಯೇ ನಿಭಾಯಿಸುತ್ತಾನೆ. ಆದರೆ ಅಮೃತಶಿಲೆಗೆ ಒಂದು ಗುಣವಿದೆ. ಉಜ್ಜಿ ಉಜ್ಜಿ ನಯ ಮಾಡಿದಂತೆಲ್ಲ ಅದು ಎಲ್ಲರನ್ನೂ ಒಂದೇ ಜಾತಿಯ ದೇವತೆಗಳನ್ನಾಗಿ ಮಾಡಿಬಿಡುತ್ತದೆ. ಅಲ್ಲಿ ಅಂಬಿಗನೂ ಇಲ್ಲ, ಸಾರೋಟಿನವನೂ ಇಲ್ಲ. ಅಳತೆ ಹಿಡಿದು ಕಲ್ಲನ್ನು ಒರಟಾಗಿ ಇಳಿಸುವ ಕೆಲಸ ಆ ಕಾಲದಲ್ಲಿ ಶಿಲ್ಪಿಯ ಕೈಕೆಳಗಿನವರದಾಗಿರುತ್ತಿತ್ತು; ಒಡೆಯನ ಕೈ ಕೊನೆಗೆ ಬರುತ್ತಿತ್ತು. ಮಣ್ಣಿನಲ್ಲಿ ನಡುವೆ ಯಾರೂ ಇಲ್ಲ. ನೋಡಿದ ಕಣ್ಣು ಯಾರದೋ ಒತ್ತಿದ ಬೆರಳೂ ಅವರದೇ. ಎರಡರಲ್ಲಿ ಒಂದನ್ನು ಆರಿಸೆಂದರೆ ನಾನು ಚಿಕ್ಕದನ್ನೇ ಆರಿಸುವೆನು. ಗುಡಿಗೆ ಒಯ್ದು ಇಡಲು ಅದು ಪ್ರಯೋಜನವಿಲ್ಲ, ನಿಜ.

ರಿಸ್‌ಬ್ರ್ಯಾಕನ ಅಭಿಪ್ರಾಯವೂ ಅಷ್ಟೇನೂ ಬೇರೆಯಾಗಿದ್ದಂತೆ ತೋರುವುದಿಲ್ಲ. 1760ರ ಬಳಿಕ ವಯಸ್ಸಾಗಿ ಕೆಲಸ ಬಿಡುತ್ತ ಬಂದಾಗ ತನ್ನ ಚಿತ್ರಗಳು, ಮಾದರಿಗಳು, ಪ್ರತಿಮೆಗಳನ್ನು ಹರಾಜಿನಲ್ಲಿ ಮಾರಿಸಿದನು. ಒಂದು ಸಲವಲ್ಲ, ಹಲವು ಸಲ ಹರಾಜು ನಡೆಯಿತು. ಮಣ್ಣಿನ ಹರ್ಕ್ಯುಲಿಸನನ್ನು ಮಾತ್ರ ಬಿಟ್ಟುಕೊಡಲಿಲ್ಲ. 1770ರ ಜನವರಿಯಲ್ಲಿ ಅವನು ಸತ್ತಾಗ, ಉಯಿಲಿನ ಮೂಲಕ ಅದು ಹೆನ್ರಿ ಹೋರನಿಗೆ ಸೇರಿತು. ಕಲ್ಲಿಗೆ ಹಣ ಕೊಟ್ಟವನಿಗೆ ಮಣ್ಣು ಬಳುವಳಿಯಾಗಿ ಬಂದಿತು.

ಹೆನ್ರಿ 1785ರಲ್ಲಿ ತೀರಿಕೊಂಡನು. ತೋಟ ಮೊಮ್ಮಗನ ಕೈ ಸೇರಿ, ಅಲ್ಲಿಂದ ಮುಂದಿನವರಿಗೆ ಇಳಿಯಿತು. 1902ರಲ್ಲಿ ಬಂಗಲೆಯ ನಡುಭಾಗಕ್ಕೆ ಬೆಂಕ��� ಬಿದ್ದು ಸುಟ್ಟುಹೋಯಿತು. ಕೆಳಗಿನ ಕೊಠಡಿಗಳ ಸಾಮಾನನ್ನು ಜನ ಹೊರಗೆ ಹೊತ್ತು ಉಳಿಸಿದರು, ಮನೆಯನ್ನು ಮತ್ತೆ ಕಟ್ಟಿಸಿದರು. ಕಡೆಯ ಒಡೆಯರಾದ ದಂಪತಿಗಳಿಗೆ ಇದ್ದವನು ಒಬ್ಬನೇ ಮಗ. ಅವನು ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು 1917ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಸತ್ತನು. ಅವರು 1946ರಲ್ಲಿ ಮನೆಯನ್ನೂ ತೋಟವನ್ನೂ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿದರು. ಮರುವರ್ಷ ಮಾರ್ಚಿನಲ್ಲಿ ಗಂಡಹೆಂಡಿರಿಬ್ಬರೂ ಒಂದೇ ದಿನ ತೀರಿಕೊಂಡರು.

ಈಗ ಅಲ್ಲಿಗೆ ಯಾರು ಬೇಕಾದರೂ ಟಿಕೆಟು ಕೊಂಡು ಹೋಗಬಹುದು. ಹೆಚ್ಚಿನ ಜನ ಕೆರೆ ಸುತ್ತಿ, ಗುಡಿಯ ಬಾಗಿಲಲ್ಲಿ ನಿಂತು ದೊಡ್ಡ ಹರ್ಕ್ಯುಲಿಸನನ್ನು ನೋಡಿ, ಚಹಾ ಕುಡಿದು ಹಿಂತಿರುಗುತ್ತಾರೆ. ನಿಮ್ಮ ಪೈಕಿ ಯಾರಾದರೂ ಆ ಕಡೆ ಹೋದರೆ, ಇಲ್ಲವೆ ಅಲ್ಲಿ ಓದುತ್ತಲೋ ಕೆಲಸದಲ್ಲೋ ಇರುವ ಮಕ್ಕಳಿಗೆ ಕಾಗದ ಬರೆದರೆ, ಗುಡ್ಡ ಹತ್ತಿ ಮನೆಯೊಳಕ್ಕೂ ಹೋಗಿ ಬರುವಂತೆ ಹೇಳಿ. ಮಣ್ಣಿನವನನ್ನು ಮುಂದಿನಿಂದ ನೋಡಿದರೆ ಸಾಲದು. ಸಾಧ್ಯವಾದರೆ ಪಕ್ಕಕ್ಕೆ ಸರಿದು, ತೋಳು ಹೆಗಲಿಗೆ ಸೇರುವ ಜಾಗವನ್ನು ನೋಡಲಿ.